ವಿಮೋಚನೆ ಆಗಿದೆಯೋ, ಇನ್ನೂ ಆಗಬೇಕೋ?

ಪ್ರಶ್ನೆ: ಬೈಬಲಿನಲ್ಲಿ ಎಫೆಸದವರಿಗೆ ಬರೆದ ಪತ್ರದ 1ನೇ ಅಧ್ಯಾಯದ 7ನೇ ವಚನದಲ್ಲಿ ಕ್ರಿಸ್ತನ ರಕ್ತದಿಂದ ನಮಗೆ ವಿಮೋಚನೆ ಆಗಿದೆ ಅಂತಿದೆ. 14ಕ್ಕೆ ಬಂದರೆ ಅದು ಇನ್ನೂ ಮುಂದೆ ಆಗಬೇಕಾದದ್ದು ಅನ್ನುವ ಹಾಗಿದೆ. ಯಾವುದು ಸರಿ ಸರ್? ಅಲ್ಲೇ ಬಾಧ್ಯತೆಯ, ಅಂದರೆ ವಾರಸಾಗಿ ಬರುವ ಆಸ್ತಿಯ, ಮಾತು ಬೇರೆ. ಪಾಪಕ್ಷಮೆಗೂ ಆಸ್ತಿಗೂ ಏನು ಸಂಬಂಧ?
– ಓದುಗರೊಬ್ಬರು, ಹಾಸನ

ಉತ್ತರ: ಎರಡೂ ಸರಿ. ವಿಮೋಚನೆ ಅಂದ ತಕ್ಷಣ ಶಿಕ್ಷೆ ತಪ್ಪಿತು ಅಂತಷ್ಟೇ ನಾವು ಯೋಚಿಸುತ್ತೇವೆ, ಗೊಂದಲ ಶುರುವಾಗೋದು ಅಲ್ಲೇ. ಯಾಜಕಕಾಂಡ 25 ತೆಗೆದು ನೋಡಿ. ಅಲ್ಲಿ ವಿಮೋಚನೆ ಮನೆತನದ ವಿಷಯ, ಹೊಲದ ವಿಷಯ. ಬಡತನ ಬಂದು ಒಬ್ಬ ಹೊಲ ಮಾರಿಕೊಂಡರೆ ಹತ್ತಿರದ ನೆಂಟ ಹಣ ಕೊಟ್ಟು ಅದನ್ನು ಬಿಡಿಸಬೇಕು. ತನ್ನನ್ನೇ ಆಳಾಗಿ ಮಾರಿಕೊಂಡಿದ್ದರೆ ಅಣ್ಣತಮ್ಮಂದಿರೋ ಚಿಕ್ಕಪ್ಪನೋ ಚಿಕ್ಕಪ್ಪನ ಮಗನೋ ಬಿಡಿಸಬಹುದು. ಯಾರೂ ಬರದಿದ್ದರೆ 50ನೇ ವರ್ಷ, ಜೂಬಿಲಿಯಲ್ಲಿ, ಹೊಲ ಮನೆತನಕ್ಕೇ ವಾಪಸ್. ಅದಕ್ಕೇ ಜೂಬಿಲಿಗೆ ಇನ್ನೆಷ್ಟು ಬೆಳೆ ಬಾಕಿ ಇದೆ ಅಂತ ನೋಡಿ ಬೆಲೆ ಕಟ್ಟಬೇಕು ಅಂತ ನಿಯಮ. ನೆಲ ದೇವರದು, ಶಾಶ್ವತವಾಗಿ ಮಾರುವ ಹಾಗಿಲ್ಲ. ಸಾಲ ತೀರಿಸಿ ಮನುಷ್ಯನನ್ನು ಬೀದಿಯಲ್ಲಿ ಬಿಟ್ಟುಹೋದರೆ ಅದನ್ನು ವಿಮೋಚನೆ ಅನ್ನುವುದಕ್ಕೆ ಆಗುತ್ತಾ? ಅವನ ಪಾಲು ಅವನಿಗೆ ಸಿಗಬೇಕು.

ಈಗ ಯೆರೆಮೀಯ 32. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ. ಪ್ರವಾದಿ ಯೆರೆಮೀಯ ಅರಮನೆಯ ಕಾವಲಿನ ಅಂಗಳದಲ್ಲಿ ಸೆರೆಯಲ್ಲಿದ್ದಾನೆ. ಅಲ್ಲಿಗೆ ಅವನ ಚಿಕ್ಕಪ್ಪನ ಮಗ ಹನಮೇಲ ಬಂದು, ಅನಾತೋತಿನಲ್ಲಿರುವ ನನ್ನ ಹೊಲ ತಗೋ, ಬಿಡಿಸುವ ಹಕ್ಕು ನಿನ್ನದೇ ಅನ್ನುತ್ತಾನೆ. ಊರೇ ಶತ್ರುವಿನ ಪಾಲಾಗುವ ಹೊತ್ತಲ್ಲಿ ಯಾರಾದರೂ ಹೊಲ ಕೊಳ್ಳುತ್ತಾರಾ? ಯೆರೆಮೀಯ ಕೊಂಡ. ಸಾಕ್ಷಿಗಳ ಮುಂದೆ 17 ಶೆಕೆಲ್ ಬೆಳ್ಳಿ ತೂಗಿ ಕೊಟ್ಟು, ಕ್ರಯಪತ್ರಕ್ಕೆ ರುಜು ಹಾಕಿ ಮುದ್ರೆ ಒತ್ತಿದ. ಮುದ್ರೆ ಹಾಕಿದ್ದು ಒಂದು, ಹಾಕದೆ ತೆರೆದಿದ್ದು ಒಂದು, ಎರಡನ್ನೂ ಮಣ್ಣಿನ ಮಡಕೆಯಲ್ಲಿ ಇಡು, ಬಹಳ ದಿನ ಉಳಿಯಬೇಕು ಅಂತ ತನ್ನ ಬರಹಗಾರ ಬಾರೂಕನಿಗೆ ಹೇಳಿದ. ಹಣ ಪೂರ್ತಿ ಸಂದಾಯ ಆಗಿದೆ. ಹೊಲಕ್ಕೆ ಮಾತ್ರ ಕಾಲಿಡುವ ಹಾಗಿಲ್ಲ.

ನೀವು ಕೇಳಿದ ಎರಡು ವಚನಗಳ ನಡುವೆ ನಾವಿರುವುದು ಇಂಥದ್ದೇ ಜಾಗದಲ್ಲಿ. 7ನೇ ವಚನದಲ್ಲಿ ಬೆಲೆ ಸಂದಿದೆ. ಬೆಳ್ಳಿಬಂಗಾರದಿಂದ ಅಲ್ಲ, ಕ್ರಿಸ್ತನ ರಕ್ತದಿಂದ ಅಂತ ಪೇತ್ರನೂ ಬರೆಯುತ್ತಾನೆ. 14ನೇ ವಚನದಲ್ಲಿ ಪವಿತ್ರಾತ್ಮನೇ ನಮ್ಮ ಬಾಧ್ಯತೆಗೆ ಸಂಚಕಾರ, ಅಂದರೆ ಖಾತ್ರಿಗಾಗಿ ಕೊಟ್ಟ ಮುಂಗಡ, ಪೂರ್ತಿ ಸ್ವಾಧೀನ ಮುಂದಿದೆ. ನಮ್ಮ ದೇಹದ ವಿಮೋಚನೆಗೆ ಇನ್ನೂ ನರಳುತ್ತಾ ಕಾಯುತ್ತಿದ್ದೇವೆ ಅಂತ ರೋಮಾಪುರದವರಿಗೆ ಬರೆದ ಪತ್ರದ 8ನೇ ಅಧ್ಯಾಯದಲ್ಲಿ ಪೌಲ ಸ್ಪಷ್ಟವಾಗಿ ಹೇಳುತ್ತಾನೆ. ಇಷ್ಟಿದ್ದೂ, ಕಾಯಿಲೆ ಬಿದ್ದವರ ಹಾಸಿಗೆ ಪಕ್ಕ ನಿಂತು, ದೇಹ ಈಗಲೇ ವಾಸಿಯಾಗಬೇಕಿತ್ತು, ನಿನಗೆ ವಿಶ್ವಾಸ ಕಮ್ಮಿ ಅನ್ನುವ ಬೋಧಕರಿದ್ದಾರೆ. ನನಗೆ ತುಂಬಾ ನೋವಾಗುತ್ತದೆ. ದಯವಿಟ್ಟು ಅಂಥ ಮಾತು ನಂಬಬೇಡಿ.

ರೂತಳ ಪುಸ್ತಕದ 4ನೇ ಅಧ್ಯಾಯವನ್ನೂ ಜೊತೆಗೆ ಓದಿ. ಬೇತ್ಲೆಹೇಮಿನ ಊರಬಾಗಿಲಲ್ಲಿ ಹತ್ತು ಮಂದಿ ಹಿರಿಯರು ಕೂತಿದ್ದಾರೆ. ರೂತಳನ್ನು ಕೊನೆಗೆ ಮದುವೆಯಾದ ಬೋವಜನಿಗಿಂತ ಹತ್ತಿರದ ನೆಂಟ ಮೊದಲು ಹೊಲ ಬಿಡಿಸುತ್ತೇನೆ ಅಂದವನು, ಆ ಮನೆತನದ ವಿಧವೆ, ಮೋವಾಬ್ ದೇಶದ ರೂತಳನ್ನೂ ಮದುವೆಯಾಗಬೇಕು ಅಂದ ಕೂಡಲೇ ನನ್ನ ಸ್ವಾಸ್ತ್ಯ (ಪಾಲಿನ ಆಸ್ತಿ) ಹಾಳಾಗುತ್ತದೆ ಅಂತ, ಹಕ್ಕು ಬಿಟ್ಟ ಗುರುತಾಗಿ ಕೆರ ಬಿಚ್ಚಿಕೊಟ್ಟು ಹಿಂದೆ ಸರಿದ. ಕ್ರಿಸ್ತ ಹಾಗೆ ಮಾಡಲಿಲ್ಲ, ತನ್ನ ಬಾಧ್ಯತೆಯಲ್ಲೇ ನಮಗೆ ಪಾಲು ಕೊಟ್ಟ.

ಪ್ರಶ್ನೆ: ಗಲಾತ್ಯ 4:7ರಲ್ಲಿ ಮಗನಾದರೆ ಬಾಧ್ಯ (ವಾರಸುದಾರ) ಅಂತಿದೆ. ಹೆಣ್ಣುಮಕ್ಕಳಾದ ನಾವು?
– ಓದುಗರೊಬ್ಬರು, ಉಡುಪಿ

ಉತ್ತರ: ನೀವೂ ಬಾಧ್ಯರೇ. ಅದಕ್ಕಿಂತ ಸ್ವಲ್ಪ ಮೇಲೇ, 3:28-29ರಲ್ಲಿ, ಗಂಡು ಹೆಣ್ಣು ಅನ್ನುವ ಭೇದವಿಲ್ಲ, ಕ್ರಿಸ್ತನವರಾದರೆ ಬಾಧ್ಯರು ಅಂತ ಪೌಲ ಬರೆದಿದ್ದಾನೆ. ಅರಣ್ಯಕಾಂಡ 27ರಲ್ಲಿ ಚಲ್ಪಹಾದನ ಐದು ಜನ ಹೆಣ್ಣುಮಕ್ಕಳು ಮೋಶೆಯ ಎದುರು ನಿಂತು, ಗಂಡುಮಕ್ಕಳಿಲ್ಲದ ನಮ್ಮ ತಂದೆಯ ಪಾಲು ನಮಗೆ ಕೊಡಿ ಅಂತ ಕೇಳಿದರು. ಅವರು ಹೇಳುವುದು ಸರಿ ಅಂತ ದೇವರೇ ಅಂದ. ಆದರೂ ನಮ್ಮವರು ಬೇಗ ಕಲಿಯಲಿಲ್ಲ. ತಿರುವಾಂಕೂರಿನ ಕ್ರೈಸ್ತರ ಹಳೇ ಕಾನೂನಿನಲ್ಲಿ, ಉಯಿಲು ಬರೆಯದೆ ತಂದೆ ತೀರಿಕೊಂಡರೆ ಮಗಳಿಗೆ ಮಗನ ಪಾಲಿನ ಕಾಲು ಭಾಗ ಅಥವಾ 5,000 ರೂಪಾಯಿ, ಯಾವುದು ಕಡಿಮೆಯೋ ಅದು! ಕೊಟ್ಟಾಯಂನ ಮೇರಿ ರಾಯ್ ಕೋರ್ಟಿಗೆ ಹೋದ ಮೇಲೆ, 1986ರಲ್ಲಿ ಸುಪ್ರೀಂ ಕೋರ್ಟ್ ಆ ಕ್ರೈಸ್ತರಿಗೂ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯೇ ಅನ್ವಯ ಅಂತ ತೀರ್ಪು ಕೊಟ್ಟಿತು. ಅದರಲ್ಲಿ ಮಗನಿಗೂ ಮಗಳಿಗೂ ಸಮಪಾಲು.