ಎರಡನೇ ಅಡಾಪ್ಟರ್ ಹಾಕಿದ ಮೇಲೆ ವಿಎಂನಲ್ಲಿ ಇಂಟರ್ನೆಟ್ ಹೋಯ್ತು ಅಂದವರಿಗೆ

ನಿಮ್ಮ ಪ್ರಶ್ನೆ ಎರಡು ಸಲ ಓದಿದೆ. ನನಗೆ ಅರ್ಥವಾಗಿದ್ದು ಇಷ್ಟು. ವಿಂಡೋಸ್ ಲ್ಯಾಪ್‌ಟಾಪ್, ಅದರಲ್ಲಿ ವರ್ಚುಯಲ್‌ಬಾಕ್ಸ್ (ಕಂಪ್ಯೂಟರೊಳಗೆ ಇನ್ನೊಂದು ಕಂಪ್ಯೂಟರ್, ಅಂದರೆ ವರ್ಚುಯಲ್ ಮೆಷಿನ್ ಅಥವಾ ವಿಎಂ, ನಡೆಸೋ ಸಾಫ್ಟ್‌ವೇರ್), ಅದರೊಳಗೆ ಉಬುಂಟು ಸರ್ವರ್ ಅನ್ನೋ ಲಿನಕ್ಸ್. ಮೊದಲನೇ ಅಡಾಪ್ಟರ್ (ವಿಎಂನ ನೆಟ್‌ವರ್ಕ್ ಕಾರ್ಡ್) ನ್ಯಾಟ್, ಅಂದರೆ ಲ್ಯಾಪ್‌ಟಾಪಿನ ಮೂಲಕ ಹೊರಗೆ ಹೋಗೋದು, ಅದರಲ್ಲಿ ಇಂಟರ್ನೆಟ್ ಚೆನ್ನಾಗೇ ಬರುತ್ತಿತ್ತು. ಲ್ಯಾಪ್‌ಟಾಪ್‌ನಿಂದ ಪುಟ್ಟಿ (ಇನ್ನೊಂದು ಕಂಪ್ಯೂಟರಿಗೆ ಲಾಗಿನ್ ಆಗೋ ಪ್ರೋಗ್ರಾಂ) ತೆಗೆದು ಒಳಗೆ ಹೋಗಬೇಕು ಅಂತ ಎರಡನೇ ಅಡಾಪ್ಟರನ್ನು ಹೋಸ್ಟ್ ಓನ್ಲಿ (ಲ್ಯಾಪ್‌ಟಾಪ್ ಮತ್ತು ವಿಎಂಗಳ ನಡುವೆ ಮಾತ್ರ ಇರೋ ನೆಟ್‌ವರ್ಕ್) ಮಾಡಿದಿರಿ, ಅದಕ್ಕೆ 192.168.56.10 ಅಂತ ನೀವೇ ಐಪಿ ಕೊಟ್ಟಿರಿ, ಗೇಟ್‌ವೇ (ಹೊರಗೆ ಹೋಗೋ ದಾರಿ) ಜಾಗದಲ್ಲಿ 192.168.56.1, ಅಂದರೆ ಲ್ಯಾಪ್‌ಟಾಪಿನ ಐಪಿ, ಬರೆದಿರಿ. ಈಗ ಪುಟ್ಟಿ ಕೆಲಸ ಮಾಡುತ್ತೆ, ಆದರೆ ಆಪ್ಟ್ ಅಪ್‌ಡೇಟ್ (ಸಾಫ್ಟ್‌ವೇರ್ ಪಟ್ಟಿಯನ್ನು ಇಂಟರ್ನೆಟ್ಟಿಂದ ತರೋ ಕಮಾಂಡ್) ಕೊಟ್ಟರೆ ಅಲ್ಲೇ ನಿಂತುಬಿಡುತ್ತೆ. ಇಷ್ಟೇ ಅಲ್ವಾ?

ಆ ಗೇಟ್‌ವೇ ಸಾಲನ್ನು ಅಳಿಸಿ. ಕೆಲಸ ಮುಗೀತು. ವಿಎಂ ಪೂರ್ತಿ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿ ಅಂತ ಮೇಲೆ ಒಬ್ಬರು ಹೇಳಿದ್ದಾರೆ, ದಯವಿಟ್ಟು ಬೇಡ. ಹೊಸ ವಿಎಂನಲ್ಲೂ ಅದೇ ಸಾಲು ಬರೆದರೆ ಅದೇ ಕಥೆ.

ಯಾಕೆ ಹೀಗಾಯ್ತು ಅಂದರೆ, ಮನೆಗೆ ಮುಂಬಾಗಿಲೂ ಇರಬಹುದು, ಹಿತ್ತಲ ಬಾಗಿಲೂ ಇರಬಹುದು. ಆದರೆ ಊರಿಗೆ ಹೊರಟವನು ಹಿತ್ತಲ ಬಾಗಿಲಿಂದ ಹೋದರೆ ಬಾವಿಕಟ್ಟೆ ಹತ್ತಿರ ಬಂದು ನಿಲ್ಲುತ್ತಾನೆ, ಮುಂದೆ ದಾರಿ ಇಲ್ಲ. ನ್ಯಾಟ್ ನಿಮ್ಮ ಮುಂಬಾಗಿಲು. ಅದರಲ್ಲಿ ವಿಎಂಗೆ ಸಾಮಾನ್ಯವಾಗಿ 10.0.2.15 ಸಿಗುತ್ತೆ, ಗೇಟ್‌ವೇ 10.0.2.2. ಈ ದಾರಿ ಡಿಎಚ್‌ಸಿಪಿಯಿಂದ (ಐಪಿ ತಾನಾಗಿ ಹಂಚೋ ವ್ಯವಸ್ಥೆ) ಬಂದಿದ್ದು, ಉಬುಂಟು ಇದಕ್ಕೆ 100 ಅಂತ ಮೆಟ್ರಿಕ್, ಅಂದರೆ ದಾರಿಯ ಆದ್ಯತೆಯ ಅಂಕೆ, ಹಾಕಿರುತ್ತೆ. ನೀವು ಕೈಯಲ್ಲಿ ಬರೆದ ದಾರಿಗೆ ಮೆಟ್ರಿಕ್ಕೇ ಇಲ್ಲ, ಅಂದರೆ 0 ಅಂತ ಲೆಕ್ಕ. ಮೆಟ್ರಿಕ್ ಕಮ್ಮಿ ಇದ್ದಿದ್ದೇ ಗೆಲ್ಲೋದು. ಹಾಗಾಗಿ ಹೊರಗೆ ಹೋಗಬೇಕಾದ ಪ್ಯಾಕೆಟ್ ಎಲ್ಲಾ ಹಿತ್ತಲ ಕಡೆ ಹೋಗಿ ನಿಮ್ಮ ಲ್ಯಾಪ್‌ಟಾಪ್‌ಗೆ ತಲುಪುತ್ತವೆ, ಅದು ಅವನ್ನು ಮುಂದೆ ಕಳಿಸಲ್ಲ, ಅಲ್ಲಿಗೆ ಮುಗೀತು. ಪುಟ್ಟಿಗೆ ಮಾತ್ರ ಇದರಿಂದ ಏನೂ ಆಗಲ್ಲ, ಯಾಕಂದರೆ ಲ್ಯಾಪ್‌ಟಾಪ್ ಮತ್ತು ವಿಎಂ ಎರಡೂ ಆ 56ರ ನೆಟ್‌ವರ್ಕಲ್ಲೇ ಇವೆ, ಅಕ್ಕಪಕ್ಕದ ಮನೆಯವರು ಮಾತಾಡೋಕೆ ಗೇಟ್‌ವೇ ಯಾಕೆ ಬೇಕು?

ನಿಮ್ಮ ಕಣ್ಣಾರೆ ನೋಡಬೇಕು ಅಂದರೆ ವಿಎಂನಲ್ಲಿ ಐಪಿ ರೂಟ್ ಅಂತ ಕೊಡಿ. (ಮೊಬೈಲಲ್ಲಿ ಕನ್ನಡ ಕೀಬೋರ್ಡಲ್ಲೇ ಬರೀತಿದ್ದೇನೆ, ಕಮಾಂಡ್‌ಗಳನ್ನು ನೀವು ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿಕೊಳ್ಳಿ.) ಡಿಫಾಲ್ಟ್ ಅಂತ ಶುರುವಾಗೋ ಸಾಲು ಎರಡು ಕಾಣುತ್ತವೆ. ಒಂದೇ ಇರಬೇಕು, ಅದೂ 10.0.2.2 ಕಡೆಗೆ.

ಇನ್ನು ಸರಿ ಮಾಡೋದು. ಸೆಟ್ಟಿಂಗ್ ಬರೆದಿರೋ ಫೈಲ್ ಇರೋದು ಇಟಿಸಿ ಒಳಗಿನ ನೆಟ್‌ಪ್ಲಾನ್ (ಉಬುಂಟುವಿನ ನೆಟ್‌ವರ್ಕ್ ಸೆಟ್ಟಿಂಗ್ ನೋಡಿಕೊಳ್ಳೋ ಪ್ರೋಗ್ರಾಂ) ಫೋಲ್ಡರಲ್ಲಿ. ಅಲ್ಲಿ ಹೆಸರಲ್ಲಿ ಕ್ಲೌಡ್ ಇನಿಟ್ ಅಂತ ಇರೋ ಫೈಲ್ (ಉಬುಂಟು ತಾನೇ ಮಾಡಿಕೊಂಡಿದ್ದು) ಇದ್ದರೆ, ಅದರಲ್ಲಿ ನೀವು ಬರೆದಿದ್ದನ್ನು ತೆಗೆದು, ಹೋಸ್ಟ್ ಓನ್ಲಿಗೆ ಅಂತಲೇ 60 ಅಂಕೆಯಿಂದ ಶುರುವಾಗೋ ಹೆಸರಿಟ್ಟು ಬೇರೆ ಫೈಲ್ ಮಾಡಿ. ನೆಟ್‌ಪ್ಲಾನ್ ಆ ಫೋಲ್ಡರಿನ ಯಾಮಲ್ ಫೈಲೆಲ್ಲಾ (ಹೆಸರು .yaml ಅಂತ ಮುಗಿಯೋವು) ಹೆಸರಿನ ಕ್ರಮದಲ್ಲಿ ಓದಿ ಸೇರಿಸಿಕೊಳ್ಳುತ್ತೆ. ಎರಡನೇ ಕಾರ್ಡಿನ ಹೆಸರಿನ ಕೆಳಗೆ ಅಡ್ರೆಸ್ 192.168.56.10/24 ಅಂತ ಒಂದೇ ಒಂದು. ಗೇಟ್‌ವೇ ಬೇಡ, ರೂಟ್ಸ್ ಬೇಡ, ಡಿಎನ್‌ಎಸ್ (ಹೆಸರಿಂದ ಐಪಿ ಹುಡುಕೋದು) ಕೂಡ ಬೇಡ. ಟ್ಯಾಬ್ ಒತ್ತಬೇಡಿ, ಸ್ಪೇಸ್ ಮಾತ್ರ. ಯಾಮಲ್ ಫೈಲಿಗೆ ಟ್ಯಾಬ್ ಅಂದರೆ ಆಗಲ್ಲ, ಕೊಡೋ ಎರರ್ ನೋಡಿದರೆ ಏನು ತಪ್ಪು ಅಂತಲೂ ಸರಿಯಾಗಿ ಗೊತ್ತಾಗಲ್ಲ. ಫೈಲಿನ ಪರ್ಮಿಷನ್ 600 (ಮಾಲೀಕ ಮಾತ್ರ ಓದಿ ಬರೆಯೋ ಹಾಗೆ) ಮಾಡಿ, ಇಲ್ಲದಿದ್ದರೆ ಸುಮ್ನೆ ವಾರ್ನಿಂಗ್ ಕೊಡುತ್ತಾ ಇರುತ್ತೆ.

ಆಮೇಲೆ ನೆಟ್‌ಪ್ಲಾನ್ ಅಪ್ಲೈ ಕೊಡೋ ಬದಲು ನೆಟ್‌ಪ್ಲಾನ್ ಟ್ರೈ ಕೊಡಿ. ಸಂಪರ್ಕ ಕಡಿದುಹೋದರೂ 120 ಸೆಕೆಂಡ್ ಒಳಗೆ ನೀವು ಎಂಟರ್ ಒತ್ತದಿದ್ದರೆ ಅದೇ ಹಳೇ ಸ್ಥಿತಿಗೆ ವಾಪಸ್ ಬರುತ್ತೆ. ಪುಟ್ಟಿಯಲ್ಲೇ ಕೂತು ನೆಟ್‌ವರ್ಕ್ ಬದಲಾಯಿಸೋವರಿಗೆ ಇದು ದೊಡ್ಡ ಉಪಕಾರ.

ಐಪಿ ಆರಿಸುವಾಗ ಒಂದು ವಿಷಯ. ವರ್ಚುಯಲ್‌ಬಾಕ್ಸಿನ ಹೋಸ್ಟ್ ಓನ್ಲಿಗೆ ಅದರದೇ ಡಿಎಚ್‌ಸಿಪಿ ಇದೆ. ನೀವು ಬದಲಾಯಿಸಿಲ್ಲ ಅಂದರೆ ಅದು ಕೂತಿರೋದು 192.168.56.100ರಲ್ಲಿ, ಹಂಚೋದು 101ರಿಂದ 254ರವರೆಗೆ. ಕೈಯಾರೆ ಕೊಡೋ ಐಪಿ 100ಕ್ಕಿಂತ ಕೆಳಗಿರಲಿ. ನಿಮ್ಮ 10 ಸರಿಯಾಗೇ ಇದೆ. ಇನ್ನೊಂದು, ಆ ಡಿಎಚ್‌ಸಿಪಿ ಗೇಟ್‌ವೇ ಕೊಡೋದೇ ಇಲ್ಲ. ಎರಡನೇ ಕಾರ್ಡನ್ನು ಅದಕ್ಕೇ ಬಿಟ್ಟಿದ್ದರೆ ನಿಮಗೆ ಈ ತಾಪತ್ರಯ ಬರುತ್ತಲೇ ಇರಲಿಲ್ಲ.

ಇದೇ ಥ್ರೆಡ್ಡಲ್ಲಿ ಇನ್ನೊಬ್ಬರು ಕೇಳಿದ್ದರು, ಎರಡನೇ ಕಾರ್ಡ್ ಕಾಣುತ್ತೆ ಆದರೆ ಡೌನ್ ಅಂತ ತೋರಿಸುತ್ತೆ, ಐಪಿ ಇಲ್ಲ ಅಂತ. ಅದು ಸಹಜ. ಇನ್‌ಸ್ಟಾಲ್ ಮಾಡುವಾಗ ಇದ್ದಿದ್ದು ಒಂದೇ ಕಾರ್ಡ್, ಫೈಲಲ್ಲೂ ಅದೊಂದೇ ಇದೆ. ಹೊಸದನ್ನು ನೀವೇ ಬರೆಯಬೇಕು. ಹೆಸರು ಮಾತ್ರ ನೋಡಿಕೊಂಡು ಬರೆಯಿರಿ. ಮೊದಲನೆಯದು ಇಎನ್‌ಪಿ0ಎಸ್3 ಆದರೆ ಎರಡನೆಯದು ಎಸ್4 ಅಂತ ನಾವು ಅಂದುಕೊಳ್ಳುತ್ತೇವೆ, ಆದರೆ ಅದು ಎಸ್8. ಮೂರನೆಯದು ಎಸ್9, ನಾಲ್ಕನೆಯದು ಎಸ್10. ವರ್ಚುಯಲ್‌ಬಾಕ್ಸ್ ಕಾರ್ಡುಗಳನ್ನು ಕೂರಿಸೋ ಸ್ಲಾಟ್ ನಂಬರುಗಳೇ ಹಾಗಿವೆ. ನಾನು ಎಸ್4 ಅಂತ ಬರೆದು ಒಂದು ಇಡೀ ಸಂಜೆ ಕಳೆದವನು. ಐಪಿ ಎ (ಕಾರ್ಡುಗಳ ಪಟ್ಟಿ ತೋರಿಸೋ ಕಮಾಂಡ್) ಕೊಟ್ಟು ನೋಡಿದ್ದರೆ ಎರಡು ನಿಮಿಷದ ಕೆಲಸ. ಹಾಗೇ, ಹೊಸ ಅಡಾಪ್ಟರ್ ಆನ್ ಮಾಡೋಕೆ ವಿಎಂ ಪೂರ್ತಿ ಆಫ್ ಆಗಿರಬೇಕು, ಸೇವ್ ಮಾಡಿ ಮುಚ್ಚಿದ್ದರೆ ಆ ಟಿಕ್ ಮಾರ್ಕ್ ಒತ್ತೋಕೇ ಬರಲ್ಲ.

ಬ್ರಿಜ್ (ಲ್ಯಾಪ್‌ಟಾಪ್ ಇರೋ ನೆಟ್‌ವರ್ಕಿಗೇ ವಿಎಂ ನೇರ ಸೇರೋದು) ಹಾಕಿದರೆ ಒಂದೇ ಕಾರ್ಡಲ್ಲಿ ಎಲ್ಲಾ ಆಗುತ್ತಲ್ಲ ಅಂತ ಕೆಲವರು ಬರೆದಿದ್ದಾರೆ. ಮನೆಯಲ್ಲಿ ಕೇಬಲ್ ಹಾಕಿ ಕೂತವರಿಗೆ ನಿಜ. ಲ್ಯಾಪ್‌ಟಾಪ್ ಹೊತ್ತುಕೊಂಡು ಓಡಾಡೋವರಿಗೆ ನಾನಂತೂ ಹೇಳಲ್ಲ. ವೈಫೈಯಲ್ಲಿ ಬ್ರಿಜ್ ಅಂದರೆ ವಿಎಂನ ಪ್ಯಾಕೆಟ್ಟೂ ಲ್ಯಾಪ್‌ಟಾಪಿನ ಮ್ಯಾಕ್ ವಿಳಾಸ (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಹೊತ್ತೇ ಹೊರಗೆ ಹೋಗಬೇಕು, ವರ್ಚುಯಲ್‌ಬಾಕ್ಸ್ ಅದನ್ನು ನಡುವೆ ಕೂತು ತಿದ್ದುತ್ತೆ. ಕೆಲವು ಕಡೆ ನಡೆಯುತ್ತೆ, ಕೆಲವು ಕಡೆ ಇಲ್ಲ. ಹಾಸ್ಟೆಲ್ಲಿನಲ್ಲೋ ಆಫೀಸಿನಲ್ಲೋ ಲಾಗಿನ್ ಪೇಜ್ ಬರೋ ವೈಫೈ ಇದ್ದರೆ ಇನ್ನೂ ಕಷ್ಟ, ಮೇಲಾಗಿ ಜಾಗ ಬದಲಾದಾಗಲೆಲ್ಲ ವಿಎಂನ ಐಪಿಯೂ ಬದಲಾಗುತ್ತೆ. ನ್ಯಾಟ್ ಜೊತೆ ಹೋಸ್ಟ್ ಓನ್ಲಿ ಇಟ್ಟರೆ ನೀವು ರೈಲಲ್ಲಿ ಕೂತಿದ್ದರೂ 56.10 ಅಲ್ಲೇ ಇರುತ್ತೆ.

ನ್ಯಾಟ್ ಮತ್ತು ಬ್ರಿಜ್ ಎರಡೂ ಬೇಕೇ ಬೇಕು ಅನ್ನೋವರು, ಎರಡಕ್ಕೂ ಡಿಎಚ್‌ಸಿಪಿಯಿಂದ ಗೇಟ್‌ವೇ ಬರುತ್ತೆ ಅನ್ನೋದು ನೆನಪಿಡಿ. ಒಂದು ಕಡೆ ಡಿಎಚ್‌ಸಿಪಿ4 ಓವರ್‌ರೈಡ್ಸ್ ಕೆಳಗೆ ಯೂಸ್ ರೂಟ್ಸ್ ಫಾಲ್ಸ್ (ಆ ಕಡೆಯ ದಾರಿ ಬೇಡ) ಅಂತ ಬರೆಯಿರಿ, ಇಲ್ಲವೇ ರೂಟ್ ಮೆಟ್ರಿಕ್ 200 ಕೊಡಿ.

ನಿಜ ಹೇಳಬೇಕು ಅಂದರೆ, ಬರೀ ಪುಟ್ಟಿಗೆ ಅಂತಾದರೆ ಎರಡನೇ ಕಾರ್ಡೇ ಬೇಕಿಲ್ಲ. ನ್ಯಾಟ್ ಸೆಟ್ಟಿಂಗಿನಲ್ಲೇ ಪೋರ್ಟ್ ಫಾರ್ವರ್ಡಿಂಗ್ (ಲ್ಯಾಪ್‌ಟಾಪಿನ ಒಂದು ಪೋರ್ಟಿಗೆ ಬಂದಿದ್ದನ್ನು ವಿಎಂಗೆ ದಾಟಿಸೋದು) ಇದೆ. ಹೋಸ್ಟ್ ಪೋರ್ಟ್ 2222, ಗೆಸ್ಟ್ ಪೋರ್ಟ್ 22 ಹಾಕಿ, ಪುಟ್ಟಿಯಲ್ಲಿ 127.0.0.1 ಮತ್ತು 2222 ಕೊಡಿ, ಆಯ್ತು. ಆದರೆ ಮುಂದೆ ಮೂರು ವಿಎಂ ಮಾಡಿ ಒಂದಕ್ಕೊಂದು ಮಾತಾಡಿಸಬೇಕು ಅಂತ ನೀವು ಬರೆದಿದ್ದೀರಿ, ಅದಕ್ಕೆ ಹೋಸ್ಟ್ ಓನ್ಲಿ ಬೇಕು. ಬರೀ ನ್ಯಾಟಲ್ಲಿ ಪ್ರತಿ ವಿಎಂಗೂ ಅದೇ 10.0.2.15, ಪ್ರತಿಯೊಂದೂ ಬೇರೆ ಬೇರೆ ಕೋಣೆಯಲ್ಲಿ ಇದ್ದ ಹಾಗೆ, ಒಂದಕ್ಕೊಂದು ಕಾಣಲ್ಲ.

ಆ ಮೂರನ್ನು ಕ್ಲೋನ್ (ನಕಲು) ಮಾಡುವಾಗ ಎಲ್ಲಾ ಕಾರ್ಡಿಗೂ ಹೊಸ ಮ್ಯಾಕ್ ವಿಳಾಸ ಕೊಡೋ ಆಯ್ಕೆ ಇದೆ, ಅದನ್ನೇ ಆರಿಸಿ. ಅಷ್ಟೇ ಸಾಲದು. ನಾನು ಹೋದ ಸಲ ಮಾಡಿದಾಗ ಮ್ಯಾಕ್ ಬೇರೆ ಬೇರೆ ಇದ್ದರೂ ಡಿಎಚ್‌ಸಿಪಿಯಲ್ಲಿ ಎರಡು ವಿಎಂಗೆ ಒಂದೇ ಐಪಿ ಬಂತು, ಒಂದು ಸಲ ಇದಕ್ಕೆ ಲಾಗಿನ್ ಆಗುತ್ತೆ, ಇನ್ನೊಂದು ಸಲ ಅದಕ್ಕೆ, ದೆವ್ವ ಹಿಡಿದ ಹಾಗೆ. ಉಬುಂಟು ಡಿಎಚ್‌ಸಿಪಿಗೆ ತನ್ನ ಗುರುತು ಹೇಳೋದು ಮೆಷಿನ್ ಐಡಿಯಿಂದ, ಕ್ಲೋನಲ್ಲಿ ಅದೂ ಕಾಪಿ ಆಗಿರುತ್ತೆ. ಇಟಿಸಿಯಲ್ಲಿರೋ ಮೆಷಿನ್ ಐಡಿ ಫೈಲನ್ನು ಖಾಲಿ ಮಾಡಿ ರೀಬೂಟ್ ಮಾಡಿ, ಹೊಸದು ತಾನೇ ಬರುತ್ತೆ. ಫೈಲ್ ಅಳಿಸಬೇಡಿ, ಒಳಗಿರೋದನ್ನು ಮಾತ್ರ. ಕೈಯಾರೆ 10, 11, 12 ಅಂತ ಐಪಿ ಕೊಡೋದಾದರೆ ಪ್ರತಿ ಕ್ಲೋನಲ್ಲೂ ಆ 60ರ ಫೈಲ್ ತಿದ್ದೋದು ಮರೆಯಬೇಡಿ.

ಕೊನೆಗೆ, ವಿಎಂನಿಂದ 192.168.56.1ಕ್ಕೆ ಪಿಂಗ್ (ಆ ಕಡೆ ಉತ್ತರ ಕೊಡುತ್ತಾ ಅಂತ ನೋಡೋ ಪರೀಕ್ಷೆ) ಬರಲ್ಲ ಅಂತ ಗಾಬರಿ ಬೇಡ. ಸಾಮಾನ್ಯವಾಗಿ ವಿಂಡೋಸ್ ಫೈರ್‌ವಾಲೇ ಆ ಪಿಂಗ್ ತಡೆಯೋದು. ಲ್ಯಾಪ್‌ಟಾಪ್‌ನಿಂದ 56.10ಕ್ಕೆ ಪಿಂಗ್ ಮಾಡಿ ನೋಡಿ. ಗೇಟ್‌ವೇ ತೆಗೆದ ಮೇಲೂ ಇಂಟರ್ನೆಟ್ ಬಂದಿಲ್ಲ ಅಂದರೆ ಐಪಿ ಎ ಮತ್ತು ಐಪಿ ರೂಟ್ ಎರಡರ ಔಟ್‌ಪುಟ್ ಇಲ್ಲೇ ಹಾಕಿ, ಫೋಟೋ ಬೇಡ, ಪುಟ್ಟಿಯಿಂದ ಕಾಪಿ ಮಾಡಿ. ಹೋದ ಸಲದ ಫೋಟೋದಲ್ಲಿ ಅರ್ಧ ಸ್ಕ್ರೀನ್ ಮೇಲೆ ಟ್ಯೂಬ್‌ಲೈಟೇ ಕಾಣುತ್ತಿತ್ತು.