ಮೊದಲು ಆ ಜುಮ್ಮೆನ್ನುವುದನ್ನು ನಿಲ್ಲಿಸಿ, ಇನ್ವರ್ಟರ್ ಆಮೇಲೆ

ನೀವು ಕೇಳಿದ್ದು ಇನ್ವರ್ಟರ್ ಬಗ್ಗೆ. ಮೂರಡಿಯ ಉಪ್ಪುನೀರಿನ ಟ್ಯಾಂಕು, ಹವಳ ಇಟ್ಟು ಎಂಟು ತಿಂಗಳು, ಮಳೆ ಶುರುವಾದರೆ ದಿನಕ್ಕೆ ನಾಲ್ಕೈದು ಗಂಟೆ ಕರೆಂಟಿಲ್ಲ, 150 ಆ್ಯಂಪ್ ಅವರ್ ಬ್ಯಾಟರಿ ಸಾಕೇ ಅಂತ. ಕೊನೆಯ ಸಾಲಿನಲ್ಲಿ, ಹೋಗುವಾಗ ನೆನಪಾಗಿ ಹೇಳಿದ ಹಾಗೆ, "ನೀರಿಗೆ ಕೈ ಹಾಕಿದರೆ ಕೆಲವೊಮ್ಮೆ ಜುಮ್ ಅನ್ನುತ್ತೆ, ಇದು ಮಾಮೂಲಾ?" ಅಂದಿದ್ದೀರಿ. ಮಾಮೂಲಲ್ಲ ಮಾರಾಯ್ರೇ. ಬ್ಯಾಟರಿ ಲೆಕ್ಕ ಆಮೇಲೆ ಹೇಳುತ್ತೇನೆ, ಮೊದಲು ಇದು.

ನಾನಿರುವುದು ಮಂಗಳೂರಿನಲ್ಲಿ, ನಾಲ್ಕಡಿ ಟ್ಯಾಂಕು, ಒಂಬತ್ತು ವರ್ಷ ಆಯಿತು. ನನಗೂ ಮೊದಲ ವರ್ಷ ಹೀಗೇ ಆಗಿತ್ತು. ಬೆರಳಿನಲ್ಲಿ ಸಣ್ಣ ಗಾಯ ಇದ್ದಾಗ ಮಾತ್ರ ಚುರುಕ್ ಅನ್ನುತ್ತಿತ್ತು, ಉಪ್ಪು ತಾಗಿ ಉರಿಯುತ್ತಿದೆ ಅಂದುಕೊಂಡಿದ್ದೆ. ಒಂದು ದಿನ ನೀರು ಬದಲಿಸುವಾಗ ನೆಲಕ್ಕೆ ಚೆಲ್ಲಿತ್ತು, ಕಾಲಲ್ಲಿ ಚಪ್ಪಲಿ ಇರಲಿಲ್ಲ. ಮೊಣಕೈವರೆಗೆ ಕೈ ಹಿಡಿದು ಎಳೆದ ಹಾಗಾಯಿತು. ಅಷ್ಟು ದಿನ ನನ್ನನ್ನು ಕಾಪಾಡಿದ್ದು ರಬ್ಬರ್ ಚಪ್ಪಲಿ, ಬೇರೇನೂ ಅಲ್ಲ. ಸಮುದ್ರದ ನೀರು ನಲ್ಲಿ ನೀರಿಗಿಂತ ಸುಮಾರು ನೂರುಪಟ್ಟು ಚೆನ್ನಾಗಿ ಕರೆಂಟು ಹರಿಸುತ್ತದೆ. ಸಿಹಿನೀರಿನ ಟ್ಯಾಂಕಿನಲ್ಲಿ ನಡೆದುಹೋಗುವ ಉಡಾಫೆ ಇಲ್ಲಿ ನಡೆಯುವುದಿಲ್ಲ.

ಇವತ್ತೇ ಮಾಡಬೇಕಾದದ್ದು ಇಷ್ಟು. ಟ್ಯಾಂಕಿನ ಎಲ್ಲ ಪ್ಲಗ್ಗುಗಳನ್ನೂ ಕಿತ್ತಿಡಿ, ಬರೀ ಸ್ವಿಚ್ ಆಫ್ ಮಾಡಿದರೆ ಸಾಲದು. ವೈರಿಂಗ್ ತಿರುವುಮುರುವಾಗಿದ್ದರೆ ಸ್ವಿಚ್ ನ್ಯೂಟ್ರಲ್ ಅನ್ನು ಮಾತ್ರ ಕತ್ತರಿಸಿ ಫೇಸನ್ನು ಹಾಗೇ ಬಿಟ್ಟಿರುತ್ತದೆ. ಒಂದೊಂದೇ ಸಾಮಾನನ್ನು ಹೊರತೆಗೆದು ವಯರನ್ನು ಬೆರಳಲ್ಲಿ ಸವರಿ ನೋಡಿ. ನನ್ನದರಲ್ಲಿ ಸಿಕ್ಕಿದ್ದು ಹಳೆಯ ವೇವ್‌ಮೇಕರ್ (ನೀರಲ್ಲಿ ಅಲೆ ಎಬ್ಬಿಸುವ ಪುಟ್ಟ ಪಂಪು): ಗಾಜಿಗೂ ಅಯಸ್ಕಾಂತಕ್ಕೂ ನಡುವೆ ವಯರು ಸಿಕ್ಕಿಕೊಂಡು, ಮೇಲಿನ ರಬ್ಬರು ಉಗುರಿನಷ್ಟು ಉದ್ದ ಸೀಳಿತ್ತು, ಒಳಗಿನ ತಾಮ್ರ ಹಸಿರು ತಿರುಗಿತ್ತು. ಸೀಳಿದ ವಯರಿಗೆ ಟೇಪು ಸುತ್ತಿ ಮತ್ತೆ ನೀರಿಗೆ ಬಿಡಬೇಡಿ, ಎಸೆಯಿರಿ. ಟೆಸ್ಟರನ್ನು ನೀರಿಗೆ ಮುಟ್ಟಿಸಿ ದೀಪ ಹತ್ತಿತು, ಹತ್ತಲಿಲ್ಲ ಅಂತ ತೀರ್ಮಾನ ಮಾಡುವುದೂ ಬೇಡ. ಪಂಪಿನ ಕಾಯಿಲ್ ಹತ್ತಿರ ಇದ್ದರೆ ಸಾಕು, ಸೋರಿಕೆಯೇ ಇಲ್ಲದಿದ್ದರೂ ನೀರಿನಲ್ಲಿ ಮಲ್ಟಿಮೀಟರ್ ಮೂವತ್ತು ನಲವತ್ತು ವೋಲ್ಟ್ ತೋರಿಸುತ್ತದೆ. ಹಾಗಂತ ಮೈಗೆ ಜುಮ್ ಅಂದದ್ದನ್ನು ಆ ಲೆಕ್ಕಕ್ಕೆ ಸೇರಿಸಿ ಸುಮ್ಮನಾಗಬೇಡಿ.

ಮನೆಯ ಡಿಬಿಯಲ್ಲಿ, ಅಂದರೆ ಮೇನ್ ಸ್ವಿಚ್ಚಿನ ಪೆಟ್ಟಿಗೆಯಲ್ಲಿ, ಲೋಡು ಹೆಚ್ಚಾದರೆ ತಾನೇ ಬೀಳುವ ಎಂಸಿಬಿ ಇದೆಯಲ್ಲ ಅಂತ ನೀವು ಹೇಳಬಹುದು. ಎಂಸಿಬಿ ಕಾಯುವುದು ವಯರನ್ನು, ನಿಮ್ಮನ್ನಲ್ಲ. ಆರು ಆ್ಯಂಪಿನ ಎಂಸಿಬಿಗೆ ನಿಮ್ಮ ಮೈಯಲ್ಲಿ ಹಾದುಹೋಗುವ ಕರೆಂಟು ಸೊಳ್ಳೆ ಕಚ್ಚಿದ ಲೆಕ್ಕವೂ ಅಲ್ಲ. ಬೇಕಾದದ್ದು ಆರ್‌ಸಿಸಿಬಿ, ನಮ್ಮ ಕಡೆ ಎಲೆಕ್ಟ್ರಿಷಿಯನ್ನರು ಇವತ್ತಿಗೂ ಇಎಲ್‌ಸಿಬಿ ಅನ್ನುತ್ತಾರೆ. ಫೇಸಿನಲ್ಲಿ ಹೋದ ಕರೆಂಟು ನ್ಯೂಟ್ರಲ್ಲಿನಲ್ಲಿ ಅಷ್ಟೇ ವಾಪಸು ಬಂತಾ ಎಂದು ಅದು ಹೋಲಿಸುತ್ತಲೇ ಇರುತ್ತದೆ. 30 ಮಿಲಿಆ್ಯಂಪ್ ವ್ಯತ್ಯಾಸ ಕಂಡರೆ ಕಣ್ಣು ಮಿಟುಕಿಸುವಷ್ಟರಲ್ಲಿ ಬಿದ್ದು ಕರೆಂಟು ಕಡಿಯುತ್ತದೆ. ಮನೆಗೆಲ್ಲ ಇರುವ 100 ಅಥವಾ 300 ಮಿಲಿಆ್ಯಂಪಿನದು ಬೆಂಕಿ ತಡೆಯಲಿಕ್ಕೆ, ಟ್ಯಾಂಕಿಗೆ 30ರದ್ದೇ ಬೇಕು. ಈಗಿನ ಡಿಸಿ ಪಂಪು, ಎಲ್‌ಇಡಿ ಅಡಾಪ್ಟರುಗಳಿಗೆ ಟೈಪ್ ಎ ಅನ್ನುವ ಬಗೆಯ ಆರ್‌ಸಿಸಿಬಿಯನ್ನೇ ಕೇಳಿ ತೆಗೆದುಕೊಳ್ಳಿ.

ಟೈಟಾನಿಯಂ ಅರ್ತ್ ಪ್ರೋಬ್ ಅಂತ ಒಂದು ಮಾರುತ್ತಾರೆ, ಟ್ಯಾಂಕಿನ ನೀರನ್ನು ಅರ್ತಿಗೆ ಜೋಡಿಸುವ ಕಡ್ಡಿ. ಆರ್‌ಸಿಸಿಬಿ ಇದ್ದರೆ ಅದು ಒಳ್ಳೆಯದೇ, ಸೋರಿಕೆ ಶುರುವಾದ ಕೂಡಲೇ ಬೀಳಿಸುತ್ತದೆ, ನಿಮ್ಮ ಕೈಗಾಗಿ ಕಾಯುವುದಿಲ್ಲ. ಆರ್‌ಸಿಸಿಬಿ ಇಲ್ಲದೆ ಪ್ರೋಬ್ ಮಾತ್ರ ಇಳಿಬಿಟ್ಟರೆ ಕರೆಂಟಿಗೆ ನೀವೇ ದಾರಿ ಮಾಡಿಕೊಟ್ಟಂತೆ. ಹಾಗೆಯೇ ಮೂರು ಪಿನ್ನಿನ ಸಾಕೆಟ್ ಇದ್ದ ಮಾತ್ರಕ್ಕೆ ಅರ್ತ್ ಇದೆ ಅಂತಲ್ಲ. ನಮ್ಮ ಹಳೆಯ ಮನೆಯ ಅರ್ತಿಂಗ್ ಗುಂಡಿ ಏಪ್ರಿಲ್‌ನಲ್ಲಿ ಒಣಗಿ ಹೋಗುತ್ತಿತ್ತು, ಅಜ್ಜಿ ತುಳಸಿಗೆ ನೀರು ಹಾಕುವಾಗ ಅದಕ್ಕೂ ಒಂದು ಕೊಡ ಹಾಕುತ್ತಿದ್ದರು.

ಈಗ ನೀವು ಕೇಳಿದ ಇನ್ವರ್ಟರ್. ಇಲ್ಲಿ ಎಷ್ಟೋ ಮನೆಗಳಲ್ಲಿ ಆಗುವ ಕಥೆ ಕೇಳಿ. ಇನ್ವರ್ಟರ್ ಕೂರಿಸಿದ ಮರುದಿನದಿಂದ ಆರ್‌ಸಿಸಿಬಿ ಪದೇ ಪದೇ ಬೀಳುತ್ತದೆ. ಎಲೆಕ್ಟ್ರಿಷಿಯನ್ ಬಂದು "ಇದು ಹಾಳಾಗಿದೆ ಸರ್" ಅಂತ ಬೈಪಾಸ್ ಮಾಡಿ ಹೋಗುತ್ತಾನೆ. ಹಾಳಾಗಿರುವುದಿಲ್ಲ. ಫೇಸ್ ಇನ್ವರ್ಟರಿನಿಂದ ಬರುತ್ತಿರುತ್ತದೆ, ನ್ಯೂಟ್ರಲ್ ಮಾತ್ರ ಮನೆಯದ್ದರ ಜೊತೆ ಸೇರಿಕೊಂಡು ಆರ್‌ಸಿಸಿಬಿ ಮೂಲಕ ವಾಪಸು ಹೋಗುತ್ತಿರುತ್ತದೆ. ಹೋದದ್ದಕ್ಕೂ ಬಂದದ್ದಕ್ಕೂ ತಾಳೆಯಾಗದಿದ್ದರೆ ಅದು ಬೀಳಲೇಬೇಕು. ಸರಿಯಾದ ಕ್ರಮ ಏನೆಂದರೆ, ಇನ್ವರ್ಟರಿನ ಔಟ್‌ಪುಟ್‌ನಿಂದ ಟ್ಯಾಂಕಿಗೇ ಬೇರೆ ಫೇಸ್, ಬೇರೆ ನ್ಯೂಟ್ರಲ್ ಎಳೆಸಿ, ಆ ದಾರಿಯಲ್ಲಿ ಟ್ಯಾಂಕಿಗೆಂದೇ ಒಂದು ಡಬಲ್ ಪೋಲ್ (ಫೇಸ್, ನ್ಯೂಟ್ರಲ್ ಎರಡನ್ನೂ ಕಡಿಯುವ) ಆರ್‌ಸಿಸಿಬಿ ಹಾಕಿಸುವುದು. ಆಮೇಲೆ ಮೇನ್ ಆಫ್ ಮಾಡಿಸಿ, ಬ್ಯಾಟರಿಯಲ್ಲಿ ಓಡುತ್ತಿರುವಾಗಲೂ ಅರ್ತಿಗೆ ಸೋರಿದರೆ ಬೀಳುತ್ತದಾ ಎಂದು ಆರ್‌ಸಿಸಿಬಿ ಪರೀಕ್ಷಿಸುವ ಮೀಟರ್ ಇರುವ ಎಲೆಕ್ಟ್ರಿಷಿಯನ್ನಿನಿಂದಲೇ ನೋಡಿಸಿ. ಆರ್‌ಸಿಸಿಬಿಯ ಮುಖದ ಮೇಲಿನ ಟೆಸ್ಟ್ ಬಟನ್ ಒತ್ತಿದಾಗ ಅದು ಬಿದ್ದರೆ ಒಳಗಿನ ಯಂತ್ರ ಸರಿಯಿದೆ ಅಂತಷ್ಟೇ ಅರ್ಥ, ಅರ್ತ್ ಬಗ್ಗೆ ಅದು ಏನೂ ಹೇಳುವುದಿಲ್ಲ. ಆ ಬಟನನ್ನು ತಿಂಗಳಿಗೊಮ್ಮೆ ಒತ್ತುವುದು ಬೇರೆ ಮಾತು, ಅದನ್ನು ಬಿಡಬೇಡಿ.

ಬ್ಯಾಟರಿ ಲೆಕ್ಕ: 12 ವೋಲ್ಟ್, 150 ಆ್ಯಂಪ್ ಅವರ್ ಅಂದರೆ ಕಾಗದದ ಮೇಲೆ 1800 ವಾಟ್ ಅವರ್. ಇನ್ವರ್ಟರ್ ತಿನ್ನುವುದನ್ನು ಕಳೆದು, ಬ್ಯಾಟರಿಯನ್ನು ತಳ ಕಾಣಿಸದೆ ಬಳಸಿದರೆ ಸಾವಿರ ಸಿಕ್ಕಿದರೆ ಪುಣ್ಯ. ನನ್ನ ಚಿಲ್ಲರ್ (ನೀರು ತಂಪು ಮಾಡುವ ಯಂತ್ರ), ಲೈಟು, ಸ್ಕಿಮ್ಮರ್ (ನೊರೆ ಎಬ್ಬಿಸಿ ಕೊಳೆ ತೆಗೆಯುವುದು), ಎರಡು ಪಂಪು ಎಲ್ಲ ಸೇರಿ 550 ವಾಟ್, ಎರಡು ಗಂಟೆಯೊಳಗೆ ಬ್ಯಾಟರಿ ಮುಗಿಯಿತು. ಅದೇ ಕೆಳಗಿನ ತೊಟ್ಟಿಯಿಂದ ನೀರು ಮೇಲೆತ್ತುವ ರಿಟರ್ನ್ ಪಂಪು 45, ವೇವ್‌ಮೇಕರ್ 15, ಇವೆರಡೇ ಆದರೆ ರಾತ್ರಿ ಕಳೆಯುತ್ತದೆ. ಚಿಲ್ಲರನ್ನು ಇನ್ವರ್ಟರಿಗೆ ಕೊಡಲೇಬೇಡಿ, ಕಂಪ್ರೆಸರ್ ಶುರುವಾಗುವಾಗ ಮಾಮೂಲಿಗಿಂತ ಹಲವು ಪಟ್ಟು ಎಳೆಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರೂ ಬೇಡ, ಎಸಿ ಪಂಪುಗಳು ಅದರಲ್ಲಿ ಗುಂಯ್‌ಗುಟ್ಟಿ ಬಿಸಿಯಾಗುತ್ತವೆ.

ಲೈಟಿಲ್ಲದೆ ಹವಳ ಎರಡು ಮೂರು ದಿನ ಇರುತ್ತದೆ, ಮೋಡ ಮುಚ್ಚಿದ ದಿನ ಸಮುದ್ರದಲ್ಲಿ ಇರುವುದಿಲ್ಲವೇ. ಕೊಲ್ಲುವುದು ಉಸಿರು. 28 ಡಿಗ್ರಿಯ ಸಮುದ್ರದ ನೀರಿನಲ್ಲಿ ಲೀಟರಿಗೆ ಹೆಚ್ಚೆಂದರೆ ಸುಮಾರು 6.4 ಮಿಲಿಗ್ರಾಂ ಆಮ್ಲಜನಕ ಕರಗಿ ನಿಲ್ಲುತ್ತದೆ, ಅಷ್ಟೇ ಬಿಸಿಯ ಸಿಹಿನೀರಿನಲ್ಲಿ 7.8. ರಾತ್ರಿ ಮೀನು, ಹವಳ, ಪಾಚಿ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಅದನ್ನೇ ಎಳೆಯುತ್ತವೆ, ವಾಪಸು ಕೊಡುವವರು ಯಾರೂ ಇಲ್ಲ. ಆದ್ದರಿಂದ ಮೇಲ್ಮೈ ಅಲುಗುತ್ತಿದ್ದರೆ ಅರ್ಧ ಗೆದ್ದ ಹಾಗೆ.

ಇದನ್ನು ನಾನು ಕಲಿತದ್ದು ಒಂದು ಮದುವೆಯ ದಿನ. ಕುಂದಾಪುರಕ್ಕೆ ಹೋಗಿದ್ದೆವು, ಇಲ್ಲಿ ಮಧ್ಯಾಹ್ನ ಗುಡುಗು ಮಿಂಚು. ಬೆಳಿಗ್ಗೆ ಬಂದು ಬಾಗಿಲು ತೆಗೆದಾಗಲೇ ವಾಸನೆ. ಫ್ಯಾನು ತಿರುಗುತ್ತಿದೆ, ಫ್ರಿಜ್ಜು ಓಡುತ್ತಿದೆ, ಇನ್ವರ್ಟರಿನ ಹಸಿರು ದೀಪ ಉರಿಯುತ್ತಿದೆ, ಬ್ಯಾಟರಿ ಫುಲ್. ಟ್ಯಾಂಕು ಮಾತ್ರ ಕತ್ತಲೆ, ನೀರು ಮಜ್ಜಿಗೆಯ ತಿಳಿಯ ಹಾಗೆ. ಮಿಂಚಿಗೆ ಟ್ಯಾಂಕಿನ ಆರ್‌ಸಿಸಿಬಿ ಬಿದ್ದಿತ್ತು. ಮನೆಗೆ ಕರೆಂಟು ಹೋಗಿರಲೇ ಇಲ್ಲ. ಕರೆಂಟು ಹೋದರೆ ತಾನಾಗಿ ಶುರುವಾಗುವ ಬ್ಯಾಟರಿ ಏರ್ ಪಂಪು ನನ್ನ ಹತ್ತಿರ ಇತ್ತು, ಅದನ್ನು ಟಿವಿ ಪಕ್ಕದ ಸಾಕೆಟ್ಟಿಗೆ ಚುಚ್ಚಿದ್ದೆ! ಅಲ್ಲಿ ಕರೆಂಟಿದೆಯಲ್ಲ, ಅದು ನೆಮ್ಮದಿಯಾಗಿ ಸುಮ್ಮನೆ ಕೂತಿತ್ತು. ಬ್ಲೂ ಟ್ಯಾಂಗ್ ಮೀನು ಕಲ್ಲಿನ ಹಿಂದೆ ಸತ್ತಿತ್ತು. ಎರಡು ಕ್ಲೌನ್ ಮೀನುಗಳು ಮೇಲ್ಮೈಗೆ ಬಾಯಿ ಹಚ್ಚಿಕೊಂಡು ಬದುಕಿದ್ದವು.

ಅಂದರೆ ನಿಮ್ಮ ಜೀವ ಉಳಿಸುವ ಆರ್‌ಸಿಸಿಬಿಯೇ ಟ್ಯಾಂಕಿಗೆ ಕರೆಂಟು ಕಡಿತ ಮಾಡಬಲ್ಲದು, ಮತ್ತು ಆಗ ಅದರ ಹಿಂದೆ ಇರುವ ಇನ್ವರ್ಟರ್ ಏನೂ ಮಾಡಲಾರದು. ಆ ಕಾರಣಕ್ಕೆ ಆರ್‌ಸಿಸಿಬಿ ತೆಗೆಸಿದವರನ್ನು ನೋಡಿದ್ದೇನೆ, ಅದು ಮೂರ್ಖತನ. ನಾನು ಮಾಡಿಕೊಂಡದ್ದು ಎರಡು ಕೆಲಸ. ಟ್ಯಾಂಕಿಗೆ ಎರಡು ಆರ್‌ಸಿಸಿಬಿ: ಇನ್ವರ್ಟರಿಗೆ ಸೇರದ ಚಿಲ್ಲರ್, ಸ್ಕಿಮ್ಮರ್ ಒಂದರಲ್ಲಿ, ಇನ್ವರ್ಟರಿನಲ್ಲಿ ಓಡುವ ರಿಟರ್ನ್ ಪಂಪು, ವೇವ್‌ಮೇಕರ್ ಇನ್ನೊಂದರಲ್ಲಿ. ಚಿಲ್ಲರ್ ಬೀಳಿಸಿದರೂ ನೀರು ಅಲುಗುತ್ತಿರುತ್ತದೆ. ಇನ್ನು ಬ್ಯಾಟರಿ ಏರ್ ಪಂಪನ್ನು ವೇವ್‌ಮೇಕರ್ ಇರುವ ಬೋರ್ಡಿಗೇ ಚುಚ್ಚಿದೆ, ಆ ಆರ್‌ಸಿಸಿಬಿ ಬಿದ್ದ ಕ್ಷಣ ಅದು ಬುಳಬುಳ ಅನ್ನಬೇಕು. ಇನ್ವರ್ಟರಿಗೆ ದುಡ್ಡಿಲ್ಲದಿದ್ದರೆ ಇದೊಂದೇ ಮೊದಲು ತನ್ನಿ. ಪವರ್ ಬ್ಯಾಂಕಿನಲ್ಲಿ ಓಡುವ ಯುಎಸ್‌ಬಿ ಏರ್ ಪಂಪೂ ಆಗುತ್ತದೆ, ಆದರೆ ಕೆಲವು ಪವರ್ ಬ್ಯಾಂಕುಗಳು ಇಷ್ಟು ಸಣ್ಣ ಲೋಡನ್ನು ಗುರುತಿಸದೆ ತಾವೇ ಆಫ್ ಆಗುತ್ತವೆ, ಒಂದು ಸಂಜೆ ಓಡಿಸಿ ನೋಡಿಕೊಳ್ಳಿ. ಏನೂ ಇಲ್ಲದಿದ್ದರೆ ಪ್ಲಾಸ್ಟಿಕ್ ಮಗ್ಗಿನಲ್ಲಿ ನೀರೆತ್ತಿ ಒಂದಡಿ ಮೇಲಿನಿಂದ ಸುರಿಯುತ್ತಿರಿ.

ಸೆಖೆಗೆ: ಆರ್‌ಒ ನೀರು ತುಂಬಿದ ಎರಡು ಬಾಟಲಿ ಫ್ರೀಜರಿನಲ್ಲಿರಲಿ, ಮುಚ್ಚಳ ಹಾಕಿದ ಹಾಗೇ ಒಂದೊಂದಾಗಿ ತೇಲಿಬಿಡಿ. ನಿಮ್ಮದು ಒಣ ಹವೆಯ ಊರಾದರೆ ಫ್ಯಾನ್ ಗಾಳಿಯೇ ಎರಡು ಡಿಗ್ರಿ ಇಳಿಸೀತು, ಕರಾವಳಿಯಲ್ಲಿ ಆ ಆಸೆ ಬಿಡಬೇಕು.

ಇನ್ನೊಂದು, ಸಂಪು. ಮನೆಯ ನೆಲದಡಿಯದ್ದಲ್ಲ, ಟ್ಯಾಂಕಿನ ಕೆಳಗಿನ ಗಾಜಿನ ತೊಟ್ಟಿ. ಕರೆಂಟು ಹೋಗಿ ರಿಟರ್ನ್ ಪಂಪು ನಿಂತ ಕೂಡಲೇ ಮೇಲಿನ ನೀರು ಅದೇ ಪೈಪಿನಲ್ಲಿ ವಾಪಸು ಇಳಿಯುತ್ತದೆ, ನಳಿಗೆಯ ಬಾಯಿ ನೀರಿನಿಂದ ಹೊರಬರುವ ತನಕ. ನನ್ನ ಟ್ಯಾಂಕು 120 ಸೆಂಟಿಮೀಟರ್ ಉದ್ದ, 60 ಅಗಲ, ಒಂದು ಸೆಂಟಿಮೀಟರ್ ಇಳಿದರೆ 7 ಲೀಟರ್ ಚಿಲ್ಲರೆ. ನಳಿಗೆ 4 ಸೆಂಟಿಮೀಟರ್ ಮುಳುಗಿತ್ತು, ಇಳಿದದ್ದು 29 ಲೀಟರ್, ಸಂಪಿನಲ್ಲಿ ಜಾಗ ಇದ್ದದ್ದು 20ಕ್ಕೆ. ಉಳಿದ ಒಂಬತ್ತು ಲೀಟರ್ ಉಪ್ಪುನೀರು ಹೋಗಿದ್ದು ಕ್ಯಾಬಿನೆಟ್ಟಿನೊಳಗೆ ನೆಲದ ಮೇಲಿಟ್ಟಿದ್ದ ಸ್ಪೈಕ್ ಬಸ್ಟರಿಗೆ. ನೀರಿನ ಮಟ್ಟಕ್ಕೆ ಸ್ವಲ್ಪ ಕೆಳಗೆ ಪೈಪಿಗೆ ಒಂದು ಸಣ್ಣ ತೂತು ಕೊರೆದರೆ ಗಾಳಿ ಎಳೆದು ನಿಲ್ಲುತ್ತದೆ, ಆದರೆ ಅದರಲ್ಲಿ ಬಸವನಹುಳು ಕೂರುತ್ತದೆ, ಪಾಚಿ ಕಟ್ಟುತ್ತದೆ, ತಿಂಗಳಿಗೊಮ್ಮೆ ಕಡ್ಡಿ ಹಾಕಿ. ನೀರು ವಾಪಸು ಬರದಂತೆ ತಡೆಯುವ ಚೆಕ್ ವಾಲ್ವ್ ನಂಬಿ ಕೂರಬೇಡಿ. ಎಲ್ಲ ಪಂಪು ನಿಲ್ಲಿಸಿ, ನೀರು ಇಳಿದು ನಿಂತ ಮೇಲೆ ಸಂಪು ತುಳುಕದಿರುವಷ್ಟು ಜಾಗ ಉಳಿಯುತ್ತದಾ ನೋಡಿ. ಉಳಿದರೆ ಮತ್ತೆ ಪಂಪು ಓಡಿಸಿ, ಆಗಿನ ಮಟ್ಟಕ್ಕೆ ಸಂಪಿನ ಗಾಜಿನ ಮೇಲೆ ಟೇಪು ಅಂಟಿಸಿ, ಆ ಗೆರೆಗಿಂತ ಹೆಚ್ಚು ಯಾವತ್ತೂ ತುಂಬಬೇಡಿ.

ಪ್ಲಗ್ ಬೋರ್ಡು ಕ್ಯಾಬಿನೆಟ್ಟಿನ ಹೊರಗೆ, ಪಕ್ಕದ ಗೋಡೆಯಲ್ಲಿ ಎತ್ತರದಲ್ಲಿರಲಿ. ಪ್ರತಿ ವಯರೂ ಸಾಕೆಟ್ಟಿಗಿಂತ ಕೆಳಗೆ ಒಮ್ಮೆ ಜೋತು ಬಿದ್ದು ಆಮೇಲೆ ಮೇಲೇರಬೇಕು, ವಯರು ಹಿಡಿದು ಬಂದ ಹನಿ ಅಲ್ಲೇ ಕೆಳಗೆ ಬೀಳುತ್ತದೆ. ಪ್ಲಗ್ ಪಿನ್ನಿನ ಬುಡದಲ್ಲಿ ಬಿಳಿ ಉಪ್ಪು ಕಂಡರೆ ಎಲ್ಲಿಂದಲೋ ತುಂತುರು ಹಾರುತ್ತಿದೆ ಅಂತ.

ಕರೆಂಟು ಬಂದ ಮೇಲೆ ಚಿಲ್ಲರ್ ಐದು ನಿಮಿಷ ತಡೆದು ಹಾಕಿ. ಸ್ಕಿಮ್ಮರ್ ಉಕ್ಕುತ್ತದೆ, ಅದರ ಕೊಳೆ ತುಂಬುವ ಕಪ್ ನೋಡಿಕೊಳ್ಳಿ. ಆ ದಿನ ಮೀನಿಗೆ ಊಟ ಬೇಡ.

ಈಗ ನಾವು ಊರಿಗೆ ಹೋಗುವಾಗ ಬೀಗದ ಕೈ ಎದುರು ಮನೆಯ ಆಂಟಿಯ ಹತ್ತಿರ ಇರುತ್ತದೆ. ಡಿಬಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದ್ದೇನೆ: "ಬುಳಬುಳ ಸದ್ದು ಕೇಳಿದರೆ ನೀಲಿ ಗುರುತಿನ ಸ್ವಿಚ್ ಒಮ್ಮೆ ಮೇಲೆತ್ತಿ. ಮತ್ತೆ ಬಿದ್ದರೆ ಎತ್ತಬೇಡಿ, ನೀರು ಮುಟ್ಟಬೇಡಿ, ನನಗೆ ಫೋನ್ ಮಾಡಿ."