ವಿಕಿಪೀಡಿಯದಲ್ಲಿ ನಾನು ಹಾಕಿದ ಲಿಂಕನ್ನು ಪದೇ ಪದೇ ತೆಗೆಯುತ್ತಿದ್ದಾರೆ, ಯಾಕೆ?

ನಿಮ್ಮ ಪ್ರಶ್ನೆ ಓದಿ ನಗುವೂ ಬಂತು, ಪಾಪ ಅಂತಲೂ ಅನಿಸಿತು. ನಿಮ್ಮೂರಿನ ದೇವಸ್ಥಾನ, ಅದರ ಹಿಂದಿರುವ ವೀರಗಲ್ಲುಗಳ ಬಗ್ಗೆ ಬ್ಲಾಗ್ ಬರೆದಿದ್ದೀರಿ. ಕನ್ನಡ ವಿಕಿಪೀಡಿಯದ ಊರಿನ ಪುಟದ ಕೊನೆಗೆ ಅದರ ಲಿಂಕ್ ಹಾಕಿದಿರಿ. ಯಾರೋ ತೆಗೆದರು. ನೀವು ಮತ್ತೆ ಹಾಕಿದಿರಿ, ಅವರು ಮತ್ತೆ ತೆಗೆದರು. ಮೂರನೇ ಸಲಕ್ಕೆ ನಿಮ್ಮ ಚರ್ಚೆ ಪುಟದಲ್ಲಿ ಎಚ್ಚರಿಕೆ ಬಂದಿದೆ. "ಬ್ಲಾಗಿನಲ್ಲಿ ಒಂದು ಜಾಹೀರಾತೂ ಇಲ್ಲ, ಅದು ಸ್ಪ್ಯಾಮ್ ಹೇಗಾಗುತ್ತೆ? ವಿಕಿಪೀಡಿಯ ಏನು ಅವರಪ್ಪನ ಆಸ್ತಿಯಾ?" ಅಂತ ಕೇಳಿದ್ದೀರಿ.

ಆಸ್ತಿಯಲ್ಲ. ಆದರೆ ಲಿಂಕ್ ಕಿತ್ತುಹಾಕುವ ಆ ಕೆಲಸವನ್ನು ನಾನೂ ವರ್ಷಗಟ್ಟಲೆ ಮಾಡಿದ್ದೇನೆ. ಹಾಗಾಗಿ ಆ ಕಡೆ ಕೂತವರಿಗೆ ನೀವು ಹೇಗೆ ಕಾಣುತ್ತೀರಿ ಅಂತ ಹೇಳುತ್ತೇನೆ.

ರಾತ್ರಿ ಊಟ ಮುಗಿಸಿ 'ಇತ್ತೀಚೆಗಿನ ಬದಲಾವಣೆಗಳು' ಪುಟ ತೆರೆದರೆ ಸಾಲು ಸಾಲು ಕಾಣುತ್ತದೆ. ಪುಟದ ಹೆಸರು, ಸಮಯ, ಬದಲಾಯಿಸಿದವರ ಹೆಸರು, ಪಕ್ಕದಲ್ಲಿ ಹಸಿರು ಬಣ್ಣದಲ್ಲಿ ಎಷ್ಟು ಬೈಟ್ ಸೇರಿತು ಅನ್ನುವ ಅಂಕಿ. ಹತ್ತು ನಿಮಿಷದ ಹಿಂದೆ ಹುಟ್ಟಿದ ಖಾತೆ. ಖಾತೆಯ ಹೆಸರೂ ಬ್ಲಾಗಿನ ಹೆಸರೂ ಒಂದೇ. ಮಾಡಿದ ಒಂದೇ ಕೆಲಸ, ಒಂದು ಲಿಂಕ್ ಸೇರಿಸಿದ್ದು. ಇಷ್ಟು ನೋಡಿದರೆ ಸಾಕು, ಕೈ ತಾನಾಗಿ ರದ್ದು ಮಾಡುವ ಕಡೆ ಹೋಗುತ್ತದೆ. ನಿಜ ಹೇಳಬೇಕೆಂದರೆ, ತೆಗೆದವರು ನಿಮ್ಮ ಬ್ಲಾಗ್ ತೆರೆದೇ ಇರಲಿಕ್ಕಿಲ್ಲ.

ಅಷ್ಟು ಒರಟುತನ ಯಾಕೆ ಅಂದರೆ, ಒಂದು ಸಂಜೆಯ ಕತೆ ಕೇಳಿ. ಸಕಲೇಶಪುರ, ಮೂಡಿಗೆರೆ, ಕುದುರೆಮುಖ, ಮುಳ್ಳಯ್ಯನಗಿರಿ. ನಾಲ್ಕೂ ಪುಟಗಳ ತಳದಲ್ಲಿ ಒಂದೇ ಹೋಂಸ್ಟೇ ಲಿಂಕ್, "ಪ್ರವಾಸಿಗರಿಗೆ ಉಪಯುಕ್ತ ಮಾಹಿತಿ" ಅನ್ನುವ ಹೆಸರಲ್ಲಿ. ತೆಗೆದೆ. ಮರುದಿನ ಬೇರೆ ಖಾತೆಯಿಂದ ಮತ್ತೆ ಬಂತು. ಕೊನೆಗೆ ಆ ತಾಣದ ವಿಳಾಸವನ್ನೇ ಸ್ಪ್ಯಾಮ್ ಕಪ್ಪುಪಟ್ಟಿಗೆ ಸೇರಿಸಬೇಕಾಯಿತು. ಆ ಪಟ್ಟಿಗೆ ಹೋದ ವಿಳಾಸವನ್ನು ಹೊಸದಾಗಿ ಸೇರಿಸಿದರೆ ಪುಟ ಉಳಿಸಲಿಕ್ಕೇ ಆಗುವುದಿಲ್ಲ. ಇಂಥದ್ದನ್ನು ವಾರಕ್ಕೆ ನಾಲ್ಕು ಸಲ ನೋಡಿದವರಿಗೆ ನಿಮ್ಮ ವೀರಗಲ್ಲೂ ಹೋಂಸ್ಟೇ ತರವೇ ಕಾಣುತ್ತದೆ.

ಲಿಂಕ್ ಹಾಕಿದರೆ ಗೂಗಲ್‌ನಲ್ಲಿ ಮೇಲೆ ಬರುತ್ತೇವೆ ಅನ್ನುವ ಆಸೆ ಇನ್ನೂ ಜಾಸ್ತಿ ಜನರಿಗಿದೆ. ಅದು ಯಾವತ್ತೋ ಮುಗಿದ ಮಾತು. ಈ ಲಿಂಕನ್ನು ಲೆಕ್ಕಕ್ಕೆ ತಗೋಬೇಡ ಅಂತ ಸರ್ಚ್ ಎಂಜಿನ್‌ಗೆ ಹೇಳುವ 'ನೋಫಾಲೋ' ಅನ್ನುವ ಗುರುತು 2005ರಲ್ಲಿ ಬಂತು. ಇಂಗ್ಲಿಷ್ ವಿಕಿಪೀಡಿಯ 2007ರ ಜನವರಿಯಿಂದ ತನ್ನ ಎಲ್ಲ ಹೊರಗಿನ ಲಿಂಕುಗಳಿಗೂ ಅದನ್ನು ಹಾಕಿತು. ಸ್ಪ್ಯಾಮ್ ನಿಂತಿತಾ? ಎಲ್ಲಿ!

ಈಗ ನಿಮ್ಮ ವಾದಕ್ಕೆ ಬರೋಣ. "ಒಳ್ಳೆ ಲಿಂಕ್, ಯಾಕೆ ತೆಗೆದಿರಿ ಅಂತ ಅವರು ಹೇಳಲಿ" ಅನ್ನುತ್ತೀರಿ. ಇಂಗ್ಲಿಷ್ ವಿಕಿಪೀಡಿಯದ ಮಾರ್ಗಸೂಚಿಯಲ್ಲಿ ಇದು ಉಲ್ಟಾ ಇದೆ. ಲಿಂಕ್ ಯಾಕೆ ಬೇಕು ಅಂತ ಒಪ್ಪಿಸಬೇಕಾದದ್ದು ಹಾಕುವವರು. ಜಗಳ ಬಿದ್ದರೆ ಒಮ್ಮತ ಬರುವವರೆಗೆ ಲಿಂಕ್ ಹೊರಗೇ ಇರಬೇಕು. ಕನ್ನಡದಲ್ಲೂ ನಾವು ಹೆಚ್ಚುಕಮ್ಮಿ ಅದೇ ದಾರಿಯಲ್ಲಿ ನಡೆಯುತ್ತೇವೆ. ತಮ್ಮದೇ ತಾಣದ ಲಿಂಕನ್ನು ತಾವೇ ಹಾಕಬಾರದು, ಚರ್ಚೆ ಪುಟದಲ್ಲಿ ಕೇಳಬೇಕು ಅನ್ನುವುದೂ ಆ ಇಂಗ್ಲಿಷ್ ಮಾರ್ಗಸೂಚಿಯಲ್ಲೇ ಇದೆ. ನಮ್ಮ ಮಗಳ ಹಾಡು ಚೆನ್ನಾಗಿದೆ ಅಂತ ನಾವೇ ತೀರ್ಪುಗಾರರಾಗಿ ಕೂತರೆ ಹೇಗಿರುತ್ತದೆ, ಹಾಗೆ. ಬ್ಲಾಗುಗಳನ್ನಂತೂ, ಆ ವಿಷಯದಲ್ಲಿ ಹೆಸರು ಮಾಡಿದ ವಿದ್ವಾಂಸರದ್ದು ಬಿಟ್ಟು, ಬೇಡ ಅಂತಲೇ ಹೇಳುತ್ತಾರೆ.

ಅದೇ ಪುಟದಲ್ಲಿ ಇನ್ಯಾರದೋ ಯೂಟ್ಯೂಬ್ ಲಿಂಕ್ ಇದೆ ಅಂತಲೂ ಬರೆದಿದ್ದೀರಿ. ಪಕ್ಕದ ಮನೆಯವರು ಫುಟ್‌ಪಾತ್ ಮೇಲೆ ಮೆಟ್ಟಿಲು ಕಟ್ಟಿದ್ದಾರೆ ಅಂತ ನಾವೂ ಕಟ್ಟೋಕಾಗುತ್ತಾ? ಅದನ್ನೂ ತೆಗೆಯಬೇಕಿತ್ತು, ಯಾರ ಕಣ್ಣಿಗೂ ಬಿದ್ದಿಲ್ಲ ಅಷ್ಟೇ. ಇನ್ನೂ ಕೆಲವು ಲಿಂಕುಗಳಲ್ಲಿ ಚರ್ಚೆಗೆ ಜಾಗವೇ ಇಲ್ಲ. ಕುವೆಂಪು ಪುಟಕ್ಕೆ ಯಾರಾದರೂ ಅವರ ಕಾದಂಬರಿಯ ಕದ್ದ ಪಿಡಿಎಫ್ ಲಿಂಕ್ ಹಾಕಿದರೆ ಆ ಕ್ಷಣವೇ ಹೋಗುತ್ತದೆ. ಅವರು ತೀರಿಕೊಂಡದ್ದು 1994ರಲ್ಲಿ. ನಮ್ಮ ಕಾಯಿದೆ ಪ್ರಕಾರ ಲೇಖಕರ ಕಾಲಾನಂತರ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಅಂದರೆ 2054 ಮುಗಿಯಬೇಕು.

ಹಾಗಂತ ತೆಗೆಯುವವರದ್ದು ಯಾವಾಗಲೂ ಸರಿ ಅಂತ ನಾನು ಹೇಳಲಾರೆ. ನನ್ನದೇ ಒಂದು ತಪ್ಪು ಇವತ್ತಿಗೂ ಚುಚ್ಚುತ್ತದೆ. ಒಬ್ಬ ನಿವೃತ್ತ ಮೇಷ್ಟ್ರು ತಮ್ಮ ತಾಲ್ಲೂಕಿನ ಕೆರೆಗಳ ಬಗ್ಗೆ ಒಂದು ತಾಣ ಮಾಡಿದ್ದರು. ಯಾವ ಕೆರೆಯ ಕೋಡಿ ಯಾವ ಕೆರೆಗೆ ಬೀಳುತ್ತದೆ, ಏರಿ ಎಷ್ಟು ಉದ್ದ, ತೂಬು ಎಲ್ಲಿದೆ, ಈಗ ಎಷ್ಟು ಒತ್ತುವರಿಯಾಗಿದೆ, ಎಲ್ಲ ನಡೆದು ನೋಡಿ ಬರೆದದ್ದು. ತಾಲ್ಲೂಕಿನ ಪುಟಕ್ಕೆ ಲಿಂಕ್ ಹಾಕಿದರು. ನಾನು ಬ್ಲಾಗ್ ಅಂದುಕೊಂಡು ತೆಗೆದೆ. ಕಾರಣ ಅಂತ ಬರೆದದ್ದು "ಸ್ಪ್ಯಾಮ್" ಅನ್ನುವ ಒಂದೇ ಪದ. ಮೇಷ್ಟ್ರು ನಿಮ್ಮ ಹಾಗೆ ಜಗಳ ಆಡಲಿಲ್ಲ. ಮತ್ತೆ ಬರಲೇ ಇಲ್ಲ. ಎರಡು ವರ್ಷ ಆದಮೇಲೆ ಅದೇ ಕಡೆಯ ಒಂದು ಕೆರೆ ಬಗ್ಗೆ ಲೇಖನ ಬರೆಯಲು ಕೂತಾಗ ನನಗೆ ಬೇಕಾದದ್ದೆಲ್ಲ ಅಲ್ಲಿತ್ತು ಅಂತ ನೆನಪಾಯಿತು. ಪುಟದ ಇತಿಹಾಸ ಕೆದಕಿ ಲಿಂಕ್ ಹುಡುಕಿದೆ. ತಾಣ ಮುಚ್ಚಿಹೋಗಿತ್ತು. ಹಳೆ ಜಾಲತಾಣಗಳ ನಕಲು ಉಳಿಸಿಡುವ ಇಂಟರ್ನೆಟ್ ಆರ್ಕೈವ್‌ನಲ್ಲಿ ಮುಖಪುಟ ಒಂದು ಸಿಕ್ಕಿತು, ಒಳಗಿನ ಒಂದು ಪುಟವೂ ಇಲ್ಲ. ಅವತ್ತಿನಿಂದ ಲಿಂಕ್ ತೆರೆದು ನೋಡದೆ ತೆಗೆಯುವುದನ್ನು ಬಿಟ್ಟಿದ್ದೇನೆ.

ನೀವು ಮೇಷ್ಟ್ರ ಹಾಗೆ ಹೋಗಿಬಿಡಬೇಡಿ. ಆದರೆ ನಾಲ್ಕನೇ ಸಲ ಲಿಂಕ್ ಹಾಕಲೂಬೇಡಿ. 24 ಗಂಟೆಯೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಹೀಗೆ ಬೇರೆಯವರ ಬದಲಾವಣೆಯನ್ನು ಹಿಂದೆ ತಿರುಗಿಸಿದರೆ ಇಂಗ್ಲಿಷ್‌ನಲ್ಲಿ ಖಾತೆಗೆ ತಡೆ ಬೀಳುತ್ತದೆ. ಕನ್ನಡದಲ್ಲೂ ನಿರ್ವಾಹಕರ ತಾಳ್ಮೆಗೆ ಮಿತಿ ಇದೆ. ಲೇಖನದ 'ಚರ್ಚೆ' ಪುಟಕ್ಕೆ ಹೋಗಿ "ಇದು ನನ್ನದೇ ಬ್ಲಾಗ್, ಇದರಲ್ಲಿ ಇಂಥಿಂಥ ಕಲ್ಲುಗಳ ಫೋಟೋ ಇದೆ, ಸೇರಿಸಬಹುದಾ ನೋಡಿ" ಅಂತ ನೇರವಾಗಿ ಬರೆಯಿರಿ. ನನ್ನದೇ ಅಂತ ಒಪ್ಪಿಕೊಂಡ ಕೂಡಲೇ ಅರ್ಧ ಅನುಮಾನ ಹೋಗುತ್ತದೆ. ವಾರವಾದರೂ ಯಾರೂ ಉತ್ತರಿಸದಿದ್ದರೆ (ನಮ್ಮಲ್ಲಿ ಜನ ಕಮ್ಮಿ, ಬೇಜಾರು ಮಾಡ್ಕೋಬೇಡಿ) 'ಅರಳಿ ಕಟ್ಟೆ'ಯಲ್ಲಿ ಕೇಳಿ. ಇಂಥ ಮಾತುಕತೆಗೇ ಇರುವ ಪುಟ ಅದು.

ನನ್ನನ್ನು ಕೇಳಿದರೆ, ಲಿಂಕಿಗಾಗಿ ಇಷ್ಟು ಗುದ್ದಾಡುವ ಬದಲು ಬ್ಲಾಗಿನಲ್ಲಿರುವ ಸರಕನ್ನೇ ಒಳಗೆ ತನ್ನಿ. ಫೋಟೋಗಳನ್ನು, ವಿಕಿಪೀಡಿಯಕ್ಕೆ ಚಿತ್ರ ಒದಗಿಸುವ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ಗೆ ಹಾಕಿ ಲೇಖನದಲ್ಲಿ ಬಳಸಿದರೆ ಯಾರೂ ಸುಮ್ನೆ ತೆಗೆಯುವುದಿಲ್ಲ. ಒಂದು ವಿಷಯ ಗೊತ್ತಿರಲಿ, ಅಲ್ಲಿ ಹಾಕಿದ ಫೋಟೋವನ್ನು ನಿಮ್ಮ ಹೆಸರು ಹೇಳಿ ಯಾರು ಬೇಕಾದರೂ ಬಳಸಬಹುದು, ದುಡ್ಡು ಮಾಡುವ ಕೆಲಸಕ್ಕೂ.

ಬ್ಲಾಗಿನಲ್ಲಿ ಶಾಸನದ ಪಾಠ ಕೊಟ್ಟಿದ್ದೀರಲ್ವಾ, ಅದಕ್ಕೆ ಆಧಾರ ನಿಮ್ಮ ಬ್ಲಾಗ್ ಅಲ್ಲ, ಕರ್ನಾಟಕದ ಶಾಸನಗಳನ್ನು ಸೇರಿಸಿ ಅಚ್ಚುಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ. ಅದನ್ನು ಸಂಪಾದಿಸಿದ ಬಿ. ಎಲ್. ರೈಸ್ ಕಾಲದ ಹಳೆ ಸಂಪುಟಗಳಿಗೆ ಹಕ್ಕುಸ್ವಾಮ್ಯ ಮುಗಿದಿದೆ, ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ಹಾಸನ ಜಿಲ್ಲೆಯದು 5ನೇ ಸಂಪುಟ, ತುಮಕೂರಿನದು 12ನೇದು. ಒಳಗೆ ತಾಲ್ಲೂಕುವಾರು ನಂಬರ್ ಇರುತ್ತದೆ. ಸಂಪುಟ, ತಾಲ್ಲೂಕು, ಶಾಸನದ ನಂಬರ್ ಬರೆದು ಉಲ್ಲೇಖ ಕೊಡಿ. ಅದರಲ್ಲಿ ಸಿಗದ ಕಲ್ಲು, ನೀವೇ ಮೊದಲು ಓದಿದ್ದು ಅಂದರೆ ಮಾತ್ರ ಸ್ವಲ್ಪ ಕಷ್ಟ. ವಿಕಿಪೀಡಿಯದಲ್ಲಿ ಹೊಸ ಸಂಶೋಧನೆಗೆ ಜಾಗ ಇಲ್ಲ. ಮೊದಲು ಯಾವುದಾದರೂ ಇತಿಹಾಸ ಪತ್ರಿಕೆಯಲ್ಲಿ ಬರಲಿ, ಆಮೇಲೆ ಇಲ್ಲಿಗೆ ತರಬಹುದು.

ಅಂದಹಾಗೆ, ಉತ್ತರ ಬರೆಯುವ ಮೊದಲು ನಿಮ್ಮ ಬ್ಲಾಗ್ ತೆರೆದು ನೋಡಿದೆ. ಎರಡನೇ ಫೋಟೋದ ಕಲ್ಲು ಎಣ್ಣೆ ಬಳಿದು ಕಪ್ಪಾಗಿದೆ. ಆದರೂ ಕೆಳಗಿನ ಕೆತ್ತನೆಯ ಪಟ್ಟಿಯಲ್ಲಿ ವೀರನ ಹಿಂದೆ ದನಗಳ ಕೊಂಬು ಕಂಡ ಹಾಗಿದೆ. ತುರುಗೊಳ್ ಕಲ್ಲು ಇದ್ದರೂ ಇರಬಹುದು, ಅಂದರೆ ದನ ಬಿಡಿಸಲು ಹೋಗಿ ಸತ್ತವನದು. ನಡುಮಧ್ಯಾಹ್ನ ತೆಗೆದ ಫೋಟೋ ಅದು, ಪಟ್ಟಿಗಳ ನಡುವಿನ ಅಕ್ಷರ ಒಂದೂ ಕಾಣುತ್ತಿಲ್ಲ. ಬೆಳಗ್ಗೆ ಬಿಸಿಲು ಓರೆಯಾಗಿ ಬೀಳುವಾಗ ಇನ್ನೊಂದು ಸಲ ತೆಗೆದು ಕಾಮನ್ಸ್‌ಗೆ ಹಾಕಿ. ಹಾಕಿದ ಮೇಲೆ ಇಲ್ಲೇ ಕೆಳಗೆ ತಿಳಿಸಿ, ಲೇಖನಕ್ಕೆ ಸೇರಿಸುವಾಗ ನಾನೂ ಜೊತೆಗಿರುತ್ತೇನೆ.